ಮಗಳ ಲೆಕ್ಕದ ಮೇಲೆ ಕಂಡಕ್ಟರ್ ಪೂವಪ್ಪನ ಮೇಲ್ಮನವಿ

ಇಂದ:
ಪೂವಪ್ಪ, ಪ್ರಾಯ 53,
ಸಿಟಿ ಬಸ್ ಕಂಡಕ್ಟರ್ (ಬಸ್ಸಿನ ಹೆಸರು ‘ಸ್ವರ್ಣಲತಾ’, ರೂಟ್ ಕುಲಶೇಖರ–ಸ್ಟೇಟ್‌ಬ್ಯಾಂಕ್),
ಕುಲಶೇಖರ, ಮಂಗಳೂರು.
ಬರವಣಿಗೆ: ಮುಕುಂದ ರಾಯರು, ನಿವೃತ್ತ ಶಿರಸ್ತೇದಾರರು, ಅದೇ ಓಣಿ.

ಗೆ:
ಶಾಖಾ ವ್ಯವಸ್ಥಾಪಕರು,
ಫಲ್ಗುಣಿ ತೀರ ಬ್ಯಾಂಕ್,
ಬಿಜೈ ಶಾಖೆ, ಮಂಗಳೂರು.

ದಿನಾಂಕ: 18-07-2025

ವಿಷಯ: ಅರ್ಜಿದಾರನ ಮಗಳು ತೃಪ್ತಿಯು ತನಗೆ ಸಾಲ ಕೊಟ್ಟರೆ ನಷ್ಟವೆಂದು ತಾನೇ ಲೆಕ್ಕ ಹಾಕಿ ತೋರಿಸಿದ್ದರಿಂದ ತಿರಸ್ಕೃತವಾದ ವಿದ್ಯಾಭ್ಯಾಸ ಸಾಲವನ್ನು, ಸದರಿ ಲೆಕ್ಕದಲ್ಲಿ ತಪ್ಪು ಸಿಕ್ಕಿರುವ ಕಾರಣ, ಮರುಪರಿಶೀಲಿಸುವ ಬಗ್ಗೆ.

ಉಲ್ಲೇಖ:
1. ತೃಪ್ತಿಯ ಸಾಲದ ಅರ್ಜಿ, ದಿ. 16-06-2025.
2. ತಮ್ಮ ತಿರಸ್ಕಾರ ಪತ್ರ, ದಿ. 04-07-2025.
3. ಸಾಲ ವಿಭಾಗದ ಶ್ರೀಲಕ್ಷ್ಮಿ ಮೇಡಂ ಅವರು ದಿ. 08-07-2025ರಂದು ಬಾಯಿಮಾತಿನಲ್ಲಿ ಹೇಳಿದ್ದು.
4. ದಿ. 16-07-2025ರ ಮಧ್ಯಾಹ್ನ ಎರಡು ಹತ್ತರ ಟ್ರಿಪ್.

ಮಾನ್ಯರೇ,

ಈ ಅರ್ಜಿಯಲ್ಲಿ ‘ನಾನು’ ಎಂಬ ಪದ ಕಾಣಿಸದಿದ್ದರೆ ಅದಕ್ಕೆ ಕಾರಣ ಮುಕುಂದ ರಾಯರು. ಮೂವತ್ತನಾಲ್ಕು ವರ್ಷ ಕೋರ್ಟಿನ ಕಾಗದ ನೋಡಿದ ಅವರ ಪ್ರಕಾರ ನಾನು, ನನ್ನದು ಎಂದು ಬರೆದ ಅರ್ಜಿ ಅತ್ತುಕೊಂಡು ಬಂದ ಹಾಗೆ ಕಾಣುತ್ತದೆ, ‘ಅರ್ಜಿದಾರನು’ ಎಂದು ಬರೆದರೆ ಸ್ನಾನ ಮಾಡಿ ಬಂದ ಹಾಗೆ. ಆದ್ದರಿಂದ ಮುಂದೆ ಬರುವ ಅರ್ಜಿದಾರ, ಪೂವಪ್ಪ, ತಂದೆ, ಕಂಡಕ್ಟರ್ ಎಲ್ಲರೂ ಒಬ್ಬನೇ ಮನುಷ್ಯ ಎಂದು ತಿಳಿಯಬೇಕಾಗಿ ಕೋರಿಕೆ. ಮನೆಯಲ್ಲಿ ತುಳುವಿನಲ್ಲಿ ಆಡಿದ ಮಾತುಗಳನ್ನು ರಾಯರೇ ಕನ್ನಡಕ್ಕೆ ಇಳಿಸಿದ್ದಾರೆ.

1. ಅರ್ಜಿದಾರನಿಗೆ ಒಬ್ಬಳೇ ಮಗಳು, ತೃಪ್ತಿ, ಪ್ರಾಯ ಇಪ್ಪತ್ತೊಂದು. ಬಿ.ಎಸ್ಸಿ.ಯಲ್ಲಿ ಗಣಿತಕ್ಕೆ ಕಾಲೇಜಿಗೇ ಮೊದಲು. ಹೊರರಾಜ್ಯದ ಒಂದು ಸಂಸ್ಥೆಯಲ್ಲಿ ಎಂ.ಎಸ್ಸಿ. ಗಣಿತಕ್ಕೆ ಸೀಟು ಸಿಕ್ಕಿದೆ. ಇಡೀ ದೇಶದಿಂದ ಇಪ್ಪತ್ತೆಂಟು ಮಂದಿಯನ್ನು ತೆಗೆದುಕೊಳ್ಳುವ ಜಾಗ ಅದು. ಫೀಸು, ಹಾಸ್ಟೆಲ್, ಊಟ ಎಲ್ಲ ಸೇರಿ ಎರಡು ವರ್ಷಕ್ಕೆ 6,40,000 ರೂಪಾಯಿ. ಮೊದಲ ಕಂತು ಕಟ್ಟಲು ಈ ತಿಂಗಳ 31 ಕಡೆಯ ದಿನ. ಅಂದು ಕಟ್ಟದಿದ್ದರೆ ಸೀಟು ಇಪ್ಪತ್ತೊಂಬತ್ತನೆಯವರಿಗೆ.

2. ತಮ್ಮ ಅರ್ಜಿ ನಮೂನೆಯ ಹದಿನೇಳನೆಯ ಕಾಲಂ: ‘ಕೋರ್ಸು ಮುಗಿದ ಬಳಿಕ ನಿರೀಕ್ಷಿತ ಮಾಸಿಕ ಆದಾಯ’. ಅಲ್ಲಿ ಏನು ಬರೆಯಬೇಕು ಎಂದು ಊರಿಗೇ ಗೊತ್ತು. ಅರ್ಜಿ ತುಂಬಿಸಿಕೊಟ್ಟ ಸೈಬರ್ ಅಂಗಡಿಯವನು ಕೇಳುವ ಮೊದಲೇ ಅರುವತ್ತು ಸಾವಿರ ಎಂದು ಒತ್ತಿಬಿಟ್ಟಿದ್ದ. ಅರ್ಜಿದಾರನ ಪಕ್ಕದ ಮನೆಯವರ ಮಗ ಯಾವುದೋ ಮ್ಯಾನೇಜ್‌ಮೆಂಟ್ ಕೋರ್ಸಿಗೆ ಇದೇ ಜಾಗದಲ್ಲಿ ಎಂಬತ್ತು ಸಾವಿರ ಬರೆದು ಬೇರೊಂದು ಬ್ಯಾಂಕಿನಿಂದ ಸಾಲ ಪಡೆದಿದ್ದಾನೆ. ಈಗ ಹದಿನಾಲ್ಕು ಸಾವಿರಕ್ಕೆ ಮೊಬೈಲ್ ಅಂಗಡಿಯಲ್ಲಿ ಗ್ಲಾಸ್ ಅಂಟಿಸುತ್ತಾನೆ. ಅವನ ಮೇಲೆ ದೂರು ಹೇಳುವ ಉದ್ದೇಶ ಅರ್ಜಿದಾರನಿಗೆ ಇಲ್ಲ, ಒಳ್ಳೆಯ ಹುಡುಗ, ಬಸ್ಸಿನಲ್ಲಿ ಕೇಳದೆಯೇ ಟಿಕೆಟ್ ತೆಗೆದುಕೊಳ್ಳುವವನು.

3. ಆದರೆ ತೃಪ್ತಿಯು ಅರುವತ್ತು ಸಾವಿರವನ್ನು ಅಳಿಸಿದಳು. ಇದರಲ್ಲಿ ಅರ್ಜಿದಾರನ ತಪ್ಪೂ ಉಂಟು. ಚಿಲ್ಲರೆ ಇಲ್ಲದಾಗ ಬಾಕಿ ಕೊಡಬೇಕಾದ ಒಂದು ರೂಪಾಯಿ, ಎರಡು ರೂಪಾಯಿಯನ್ನು ಟಿಕೆಟಿನ ಹಿಂದೆ ಬರೆದು ಕೊಡುವ ಅಭ್ಯಾಸ ಅವನಿಗೆ ಮೊದಲಿನಿಂದಲೂ ಇದೆ. ಈಗ ಮೆಷಿನ್ ಬಂದು ಟಿಕೆಟ್ ಬೆರಳಿನಷ್ಟು ಆದರೂ ಬರೆಯುತ್ತಾನೆ, ಇಳಿಯುವಾಗ ಕರೆದು ಕೊಡುತ್ತಾನೆ. ಚಿಕ್ಕಂದಿನಲ್ಲಿ ರಜೆ ಇದ್ದಾಗ ಮುಂದಿನ ಸೀಟಿನಲ್ಲಿ ಕುಳಿತು ಇದನ್ನೆಲ್ಲ ನೋಡಿದ ಮಗು ಅದು. ಸುಳ್ಳು ಸಂಖ್ಯೆ ಬರೆಯಲು ಅವಳಿಗೆ ಕೈ ಬರುವುದಿಲ್ಲ. ಆ ಕಾರಣದಿಂದ ಕಾಲಂ ಹದಿನೇಳರಲ್ಲಿ ‘ಲಗತ್ತು ನೋಡಿ’ ಎಂದು ಬರೆದು ನಾಲ್ಕು ಪುಟ ಲಗತ್ತಿಸಿದಳು.

4. ಸದರಿ ನಾಲ್ಕು ಪುಟಗಳ ಸಾರ, ಅರ್ಜಿದಾರನಿಗೆ ತಿಳಿದಷ್ಟು: ಕಲಿಯುವಾಗ ಮತ್ತು ಆಮೇಲಿನ ಒಂದು ವರ್ಷ ಬಡ್ಡಿ ಸೇರಿ ಸಾಲ 8,00,000 ಆಗುತ್ತದೆ. ಆಮೇಲೆ ಹತ್ತು ವರ್ಷ ತಿಂಗಳಿಗೆ 10,572 ಕಂತು. ಎಂ.ಎಸ್ಸಿ. ಆದವರಿಗೆ ಕಾಲೇಜು, ಕೋಚಿಂಗ್, ಬ್ಯಾಂಕ್ ಪರೀಕ್ಷೆ, ಸಂಶೋಧನೆ ಎಂದು ಎಲ್ಲ ದಾರಿಗಳನ್ನೂ ತೂಗಿ ನೋಡಿದರೆ ಸಿಗುವ ಸರಾಸರಿ ಸಂಬಳ 27,400. ಓದದೆ ಈಗಲೇ ಕೆಲಸಕ್ಕೆ ಸೇರಿದರೆ ಮೊದಲು 16,000, ಎರಡು ವರ್ಷ ಕಳೆದ ಮೇಲೆ 21,000. ಅಂದರೆ ಗಣಿತ ಹೆಚ್ಚು ತರುವುದು 6,400, ತೆಗೆದುಕೊಂಡು ಹೋಗುವುದು 10,572. ಎರಡು ವರ್ಷ ಕೈಬಿಟ್ಟ ಸಂಬಳವನ್ನೂ ಕೂಡಿಸಿದರೆ ಇಡೀ ವ್ಯವಹಾರ ಸೊನ್ನೆಗೆ ಬಂದು ನಿಲ್ಲುವುದು ತೃಪ್ತಿಗೆ ನಲವತ್ತನಾಲ್ಕೂವರೆ ವರ್ಷ ಆದಾಗ. ಕೊನೆಯ ಪುಟದ ಕೊನೆಯ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾಳೆ, ನೀಟಾಗಿ, ಸ್ಕೇಲ್ ಇಟ್ಟು.

5. ಲಗತ್ತು ಎಂಬುದು ಯಾರೂ ಓದದ ಕಾಗದ ಎಂದು ಮುಕುಂದ ರಾಯರ ಸರ್ವಿಸಿನ ಅನುಭವ. ದುರದೃಷ್ಟಕ್ಕೆ ತಮ್ಮ ಶಾಖೆಯಲ್ಲಿ ಓದುವವರು ಒಬ್ಬರು ಇದ್ದರು. ಉಲ್ಲೇಖ 2ರ ಪತ್ರದಲ್ಲಿ ಹೀಗಿದೆ (ಅಲ್ಲಿ ಅರ್ಜಿದಾರರು ಎಂದರೆ ತೃಪ್ತಿ): ‘ಅರ್ಜಿದಾರರ ಸ್ವಂತ ಲೆಕ್ಕವನ್ನು ಪರಿಶೀಲಿಸಲಾಗಿ, ಅದು ಸರಿಯಾಗಿದ್ದು, ಅದರ ಪ್ರಕಾರವೇ ಸಾಲವು ಸಮರ್ಥನೀಯವಲ್ಲದ ಕಾರಣ ತಿರಸ್ಕರಿಸಲಾಗಿದೆ.’ ಜೊತೆಗೆ ಬಂದ ನಾಲ್ಕು ಪುಟದಲ್ಲಿ ಪ್ರತಿ ಸಾಲಿಗೂ ಕೆಂಪು ಶಾಯಿಯ ಸರಿ ಗುರುತು. ಮಗಳು ಇಷ್ಟು ವರ್ಷದಲ್ಲಿ ತಂದ ಎಷ್ಟೋ ಉತ್ತರಪತ್ರಿಕೆಗಳನ್ನು ಪೂವಪ್ಪ ನೋಡಿದ್ದಾನೆ. ಪೂರ್ತಿ ಮಾರ್ಕು ಸಿಕ್ಕಿ ಫೇಲಾದದ್ದು ಇದೇ ಮೊದಲು.

6. ಅಲ್ಲಿಗೆ ತೃಪ್ತಿಯು ಪತ್ರವನ್ನು ಮಡಚಿ ಫೈಲಿಗೆ ಹಾಕಿದಳು. ಬ್ಯಾಂಕಿನವರು ಹೇಳಿದ್ದು ಸರಿ, ತಾನೇ ಸಾಬೀತು ಮಾಡಿದ್ದನ್ನು ತಾನೇ ಹೇಗೆ ಅಲ್ಲವೆನ್ನುವುದು ಎಂದಳು. ಜುಲೈ ಏಳರಂದು ಬಿಜೈಯಲ್ಲಿ, ಚಿನ್ನ ಇಟ್ಟುಕೊಂಡು ಸಾಲ ಕೊಡುವ ಒಂದು ಕಚೇರಿಯ ಕೌಂಟರಿಗೆ ಹದಿನಾರು ಸಾವಿರಕ್ಕೆ ಸೇರಿದಳು. ಅಳಲಿಲ್ಲ, ಊಟ ಬಿಡಲಿಲ್ಲ. ಅರ್ಜಿದಾರನಿಗೆ ಹೆದರಿಕೆಯಾದದ್ದು ಅದಕ್ಕೇ.

7. ಮರುದಿನ ಮಂಗಳವಾರ, ಅರ್ಜಿದಾರನ ವಾರದ ರಜೆ. ತಮ್ಮ ಶಾಖೆಗೆ ಬಂದು ಶ್ರೀಲಕ್ಷ್ಮಿ ಮೇಡಂ ಅವರನ್ನು ಕಂಡನು. ಜಗಳ ಮಾಡುವುದಕ್ಕೇ ಹೋಗಿದ್ದು, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಮೇಡಂ ಕುರ್ಚಿ ತೋರಿಸಿ, ಲೆಕ್ಕದಲ್ಲಿ ಎಂತದೂ ತಪ್ಪಿಲ್ಲ, ಅದೇ ತೊಂದರೆ ಎಂದರು. ನಿಮಗೆ ಇದೆಲ್ಲ ಹೇಗೆ ಅರ್ಥವಾಯಿತು ಎಂದು ಪೂವಪ್ಪ ಕೇಳಿದ. ತಾನೂ ಎಂ.ಎಸ್ಸಿ. ಗಣಿತವೇ, ಸಾಲ ಮಾಡಿಯೇ ಓದಿದ್ದು, ಬ್ಯಾಂಕ್ ಪರೀಕ್ಷೆ ಪಾಸಾಗಿ ಐದು ವರ್ಷದಲ್ಲಿ ತೀರಿಸಿದೆ ಎಂದು ಮೇಡಂ ಹೇಳಿದರು. ಮುಂದೆ ಹೇಳಿದ ಮಾತನ್ನು ಇಲ್ಲಿ ಇದ್ದ ಹಾಗೆಯೇ ಕೊಡಲಾಗಿದೆ:

“ಸಾಲ ತೀರಿತು. ಗಣಿತವೂ ಅಲ್ಲಿಗೇ ತೀರಿತು ಅಂತ ಗ್ರಹಿಸಿದ್ದೆ. ನಿಮ್ಮ ಮಗಳ ನಾಲ್ಕು ಪುಟ ನಾನು ಎರಡು ಸಲ ಓದಿದೆ. ಎರಡನೇ ಸಲ ಓದಿದ್ದು ಬ್ಯಾಂಕಿಗೋಸ್ಕರ ಅಲ್ಲ.”

ಮತ್ತೆ ಅರ್ಜಿ ಹಾಕಬಹುದಾ ಎಂದು ಕೇಳಿದ್ದಕ್ಕೆ, ಹೊಸ ಸಂಗತಿ ಏನಾದರೂ ಬೇಕು, ಆ ಲೆಕ್ಕದಲ್ಲಿ ಒಂದು ತಪ್ಪು ತೋರಿಸಿದರೆ ವ್ಯವಸ್ಥಾಪಕರ ಮುಂದೆ ಇಡುತ್ತೇನೆ ಎಂದರು. (ಈ ಮಾತನ್ನು ಅರ್ಜಿಯಲ್ಲಿ ಬರೆದರೆ ಮೇಡಂ ಅವರಿಗೆ ತೊಂದರೆಯಾದೀತು ಎಂದು ರಾಯರು ಸಂಶಯಪಟ್ಟರು. ಒಳ್ಳೆಯ ಮಾತು ಹೇಳಿದ್ದಕ್ಕೆ ಯಾರಿಗೆ ಎಂತ ತೊಂದರೆ ಎಂದು ಅರ್ಜಿದಾರ ಹಟ ಹಿಡಿದದ್ದರಿಂದ ಬರೆಯಲಾಗಿದೆ.)

8. ಆದಕಾರಣ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಗಣಿತದಲ್ಲೇ ಫೇಲಾದ ಅರ್ಜಿದಾರನು, ಕಾಲೇಜಿಗೆ ಮೊದಲು ಬಂದ ಮಗಳ ಲೆಕ್ಕದಲ್ಲಿ ತಪ್ಪು ಹುಡುಕಲು ಹೊರಟನು. ಜೆರಾಕ್ಸ್ ಮಾಡಿಸಿ ಚೀಲದಲ್ಲಿಟ್ಟು ಏಳು ದಿನ ಬಸ್ಸಿನಲ್ಲಿ ತಿರುಗಿಸಿದನು. ಒಬ್ಬ ನಿವೃತ್ತ ಮೇಷ್ಟ್ರು ಜ್ಯೋತಿ ಸ್ಟಾಪಿನಲ್ಲಿ ಓದಲು ಶುರುಮಾಡಿ ನಂತೂರಿನಲ್ಲಿ ಇಳಿಯುವುದನ್ನು ಮರೆತರು, ಕುಲಶೇಖರದಲ್ಲಿ ಇಳಿದು ‘ಹುಡುಗಿ ಹುಷಾರು’ ಎಂದು ಹೇಳಿ ವಾಪಸು ಹೋಗುವ ಬಸ್ ಹಿಡಿದರು. ಅತ್ತಾವರದ ಆಸ್ಪತ್ರೆಯ ಒಬ್ಬರು ಸಿಸ್ಟರ್ ಅಕ್ಷರ ಚೆಂದ ಉಂಟು ಎಂದರು. ಡ್ರೈವರ್ ಶಿಹಾಬ್ ಓದಲಿಲ್ಲ, ಕೊನೆಯ ಸಾಲು ಮಾತ್ರ ಕೇಳಿಸಿಕೊಂಡ.

“ನಲವತ್ತನಾಲ್ಕೂವರೆಗೆ ಲಾಭ ಶುರು ಆಗ್ತದಾ? ನಮ್ಗೆ ಐವತ್ತು ಕಳೆದ್ರೂ ಶುರು ಆಗ್ಲಿಲ್ಲ ಮಾರಾಯ, ಬೇಗ ಸಾಲ ಮಾಡ್ಸು.”

ಇದು ವಾದಕ್ಕೆ ಚೆನ್ನಾಗಿದ್ದರೂ ತಪ್ಪು ತೋರಿಸಿದಂತೆ ಆಗುವುದಿಲ್ಲವೆಂದು ರಾಯರು ಅಭಿಪ್ರಾಯಪಟ್ಟಿದ್ದಾರೆ.

9. ತಪ್ಪು ಸಿಕ್ಕಿದ್ದು ಉಲ್ಲೇಖ 4ರ ಟ್ರಿಪ್ಪಿನಲ್ಲಿ. ವಿವರ ಸ್ವಲ್ಪ ಉದ್ದ, ದಯವಿಟ್ಟು ಸಹಿಸಬೇಕು. ಮಧ್ಯಾಹ್ನ ಎರಡು ಹತ್ತಕ್ಕೆ ಸ್ಟೇಟ್‌ಬ್ಯಾಂಕಿನಿಂದ ಕುಲಶೇಖರಕ್ಕೆ ಹೊರಡುವ ಟ್ರಿಪ್ಪಿನಲ್ಲಿ ಜನ ಇರುವುದಿಲ್ಲ. ಬೆಳಗಿನ ಪಾಳಿ ಮುಗಿಸಿದ ಹನ್ನೊಂದು ಮಂದಿ ಸಿಸ್ಟರ್‌ಗಳು, ಮೀನಿನ ಬುಟ್ಟಿ ಖಾಲಿ ಮಾಡಿದ ಇಬ್ಬರು ಹೆಂಗಸರು, ಅಷ್ಟೇ. ಕಲೆಕ್ಷನ್ ಡೀಸೆಲಿಗೂ ಸಾಕಾಗುವುದಿಲ್ಲ. 2018ರಲ್ಲಿ ಬಸ್ಸಿನ ಮಾಲಕರು ಕಾಗದದಲ್ಲಿ ಲೆಕ್ಕ ಹಾಕಿ, ಈ ಒಂದು ಟ್ರಿಪ್ ನಿಲ್ಲಿಸಿದರೆ ದಿನಕ್ಕೆ ನೂರ ನಲವತ್ತು ರೂಪಾಯಿ ಉಳಿಯುತ್ತದೆ ಎಂದು ನಿಲ್ಲಿಸಿಬಿಟ್ಟರು. ಅವರ ಲೆಕ್ಕವೂ ಸರಿಯಾಗಿಯೇ ಇತ್ತು. ಒಂದು ವಾರದಲ್ಲಿ ಬೆಳಿಗ್ಗೆ ಆರು ಇಪ್ಪತ್ತರ ಟ್ರಿಪ್ಪಿಗೆ ಜನ ಕಡಿಮೆಯಾದರು. ಬರುವಾಗ ಸಿಗದ ಬಸ್ಸಿಗೆ ಹೋಗುವಾಗ ಯಾಕೆ ಕಾಯಬೇಕು ಎಂದು ಸಿಸ್ಟರ್‌ಗಳು ಬೇರೆ ಬಸ್ಸಿಗೆ ಹತ್ತಿದರು, ಅವರ ಹಿಂದೆ ಅವರ ಓಣಿಯವರು, ಓಣಿಯವರ ಹಿಂದೆ ಶಾಲೆಯ ಟೀಚರುಗಳು. ಇಪ್ಪತ್ತೆರಡು ದಿನ, ದಿನಕ್ಕೆ ಏಳುನೂರರಂತೆ 15,400 ರೂಪಾಯಿ ಕಲೆಕ್ಷನ್ ಬಿತ್ತು. ಇಪ್ಪತ್ತಮೂರನೆಯ ದಿನ ಮಾಲಕರೇ ಬಂದು ಖಾಲಿ ಬಸ್ಸನ್ನು ಎರಡು ಹತ್ತಕ್ಕೆ ಹೊರಡಿಸಿದರು. ಮಾಲಕರ ತಪ್ಪು ಗುಣಾಕಾರದ್ದಲ್ಲ. ಟ್ರಿಪ್ಪನ್ನು ಒಂಟಿಯಾಗಿ ನಿಲ್ಲಿಸಿ ಲೆಕ್ಕ ಹಾಕಿದ್ದು ತಪ್ಪು.

10. ಮೊನ್ನೆ ಹದಿನಾರರಂದು ಅದೇ ಟ್ರಿಪ್ಪಿನಲ್ಲಿ ಹಿಂದಿನ ಸೀಟಿನಲ್ಲಿ ಕುಳಿತಿದ್ದಾಗ ಪೂವಪ್ಪನಿಗೆ ಹೊಳೆದದ್ದು ಇಷ್ಟು. ತೃಪ್ತಿಯೂ ಗಣಿತವನ್ನು ಎರಡು ಹತ್ತರ ಟ್ರಿಪ್ ಎಂದು ತಿಳಿದು ನಿಲ್ಲಿಸಿದ್ದಾಳೆ. ‘ಗಣಿತ ಇಲ್ಲದ ತೃಪ್ತಿಗೆ ತಿಂಗಳಿಗೆ 21,000’ ಎಂದು ಎರಡನೆಯ ಪುಟದಲ್ಲಿ ಬರೆದಿದ್ದಾಳೆ. ಗಣಿತ ಇಲ್ಲದ ತೃಪ್ತಿಯನ್ನು ಅವಳು ನೋಡಿಯೇ ಇರಲಿಲ್ಲ, ಬರೆಯುವಾಗ ಗಣಿತ ಮಾಡುತ್ತಲೇ ಇದ್ದಳಲ್ಲ. ಈ ಹತ್ತು ದಿನ ಅವಳನ್ನು ನೋಡಿದ್ದು ಅರ್ಜಿದಾರ. ಮೊದಲು ದಿನದ ಕಲೆಕ್ಷನ್ ಬರೆದ ಹಳೆಯ ಟ್ರಿಪ್ ಶೀಟುಗಳ ಹಿಂಬದಿಯಲ್ಲಿ ಲೆಕ್ಕ ಮಾಡಿ ವಾರಕ್ಕೆ ಒಂದು ಕಟ್ಟು ಮುಗಿಸುತ್ತಿದ್ದವಳು ಈಗ ಶೀಟು ಮುಟ್ಟುವುದಿಲ್ಲ. ಅಂಗಳದಲ್ಲಿ ನಡೆಸುತ್ತಿದ್ದ ಟ್ಯೂಶನ್ ಮೂರನೆಯ ದಿನಕ್ಕೆ ನಿಂತಿತು. ಲೆಕ್ಕ ಮಾಡುತ್ತ ಮೀನುಸಾರು ಅಡಿಹಿಡಿಸಿ ತಾಯಿಯೊಡನೆ ದಿನಾ ಜಗಳವಾಡುತ್ತಿದ್ದವಳು ಈಗ ಜಗಳವನ್ನೂ ಆಡುವುದಿಲ್ಲ, ಸಾರೂ ಅಡಿಹಿಡಿಯುವುದಿಲ್ಲ. ಕೌಂಟರಿನಲ್ಲಿ ಎರಡು ಸಲ ಬಳೆಯ ತೂಕ ತಪ್ಪು ಬರೆದಳಂತೆ. ತೂಕ, ಅದೂ ತೃಪ್ತಿ. ಬಾಗಿ ಎಂಬ ಹೆಸರಿನ ಅವಳ ತಾಯಿ ಮೊನ್ನೆ ಗಂಡನಿಗೆ ಹೇಳಿದ್ದು:

“ಜ್ವರ ಬಂದವರ ಹಾಗೆ ಇದ್ದಾಳೆ. ಮೈ ಮಾತ್ರ ಬಿಸಿ ಇಲ್ಲ.”

ಇಂಥ ತೃಪ್ತಿಯು ಆ ಕೌಂಟರಿನಲ್ಲಿ 21,000ದವರೆಗೆ ನಿಲ್ಲುವವಳಲ್ಲ. ಆದ್ದರಿಂದ 21,000 ತಪ್ಪು, ಆದ್ದರಿಂದ 6,400 ತಪ್ಪು, ಆದ್ದರಿಂದ ನಲವತ್ತನಾಲ್ಕೂವರೆ ತಪ್ಪು, ಆದ್ದರಿಂದ ತಮ್ಮ ಪತ್ರವೂ ತಪ್ಪು ಎಂದು ತಿಳಿಸಲು ಅರ್ಜಿದಾರನು ವಿಷಾದಿಸುತ್ತಾನೆ.

11. ಇಲ್ಲಿಗೆ ಅರ್ಜಿ ಮುಗಿಯಬೇಕಿತ್ತು. ಆದರೆ ನಿನ್ನೆ ಸಂಜೆ ರಾಯರ ಜಗಲಿಯಲ್ಲಿ ಕರಡು ಓದಿಸುತ್ತಿದ್ದಾಗ ಕೆಲಸದಿಂದ ಬಂದ ತೃಪ್ತಿಯು ತಂದೆಯನ್ನು ಹುಡುಕಿಕೊಂಡು ಅಲ್ಲಿಗೆ ಬಂದಳು. ಅವಳಿಗೆ ಈ ವಿಷಯ ಹೇಳಿರಲಿಲ್ಲ. ರಾಯರು ಕಾಗದವನ್ನು ತೊಡೆಯ ಕೆಳಗೆ ಇಡಲು ನೋಡಿದರು, ಆಗಲಿಲ್ಲ. ಅವಳು ಚಪ್ಪಲಿ ಕಳಚದೆ ನಿಂತೇ ಪೂರ್ತಿ ಓದಿದಳು. ಮೊದಲು 14,500 ಎಂಬುದನ್ನು 15,400 ಎಂದು ತಿದ್ದಿದಳು (ಅದು ರಾಯರ ಕೈತಪ್ಪು, ಕಂಡಕ್ಟರಿನದ್ದಲ್ಲ). ಆಮೇಲೆ ಒಂಬತ್ತನೆಯ ಅಂಶಕ್ಕೆ ಬೆರಳಿಟ್ಟು, ಯಾವ ದಿನ ಯಾವ ಟ್ರಿಪ್ಪಿಗೆ ಎಷ್ಟು ಕಡಿಮೆಯಾಯಿತು ಎಂದು ಕೇಳಿದಳು. ಪೂವಪ್ಪನಿಗೆ ಇಪ್ಪತ್ತೆರಡು ದಿನದ ಅಂಕಿಗಳೂ ಬಾಯಿಪಾಠ, ಹೇಳುತ್ತ ಹೋದನು. ಕಾಗದ ಬೇಕು ಎಂದಳು. ಚೀಲದಲ್ಲಿದ್ದದ್ದು ಇದೇ ತಿಂಗಳ ಟ್ರಿಪ್ ಶೀಟುಗಳು, ಅದನ್ನೇ ಕೊಟ್ಟನು.

ಅವಳು ಮೆಟ್ಟಿಲ ಮೇಲೆ ಕುಳಿತು ಬರೆದಳು. ಒಂದು ಟ್ರಿಪ್ ತೆಗೆದರೆ ಉಳಿದ ಟ್ರಿಪ್ಪುಗಳು ಹೇಗೆ ಬೀಳುತ್ತವೆ, ಎಷ್ಟು ದಿನದಲ್ಲಿ ಬೀಳುತ್ತವೆ ಎಂದು ಏನೇನೋ ಅಕ್ಷರ, ಬಾಣ, ಆವರಣ. ಬಾಗಿ ಊಟಕ್ಕೆ ಕರೆಯಲು ಬಂದವಳು ನೋಡಿ, ಕರೆಯದೆ ಹಿಂದೆ ಹೋದಳು. ಮೂರು ಹಾಳೆ ತುಂಬಿದ ಮೇಲೆ ತೃಪ್ತಿ ತಲೆ ಎತ್ತಿದಳು.

“ಪಪ್ಪ, ನೀವು ಹೇಳಿದ್ದನ್ನು ಸಾಬೀತು ಮಾಡ್ಲಿಕ್ಕೆ ಆಗುದಿಲ್ಲ. ಆದ್ರೆ ತಪ್ಪು ಅಂತ ತೋರಿಸ್ಲಿಕ್ಕೂ ಆಗುದಿಲ್ಲ. ನಂಗೆ ಗೊತ್ತಿರುವಷ್ಟು ಗಣಿತದಲ್ಲಿ ಇದು ಮುಗಿಯುದಿಲ್ಲ, ಇನ್ನೂ ಕಲಿಬೇಕು.”

ಪೂವಪ್ಪನು ಬಸ್ಸಿನಲ್ಲಿ ಎಂಥೆಂಥ ಜನರ ನಡುವೆಯೂ ಕಣ್ಣೊರೆಸಿಕೊಂಡವನಲ್ಲ. ನಿನ್ನೆ ಒರೆಸಿಕೊಂಡನು. ಇದು ಅರ್ಜಿಗೆ ಅನಗತ್ಯ ಎಂದು ಹೇಳಬೇಕಾಗಿದ್ದ ರಾಯರು ಆ ಹೊತ್ತಿಗೆ ಕನ್ನಡಕ ತೆಗೆದು ಉಜ್ಜುತ್ತಿದ್ದರು.

12. ಮೇಲ್ಕಂಡ ಕಾರಣಗಳಿಂದ ತಮ್ಮ ಅವಗಾಹನೆಗೆ ತರುವುದೇನೆಂದರೆ: ಈ ಸಾಲ ಲಾಭವೋ ನಷ್ಟವೋ ಎಂದು ತಿಳಿಯಬೇಕಾದರೆ ಆ ಮೂರು ಹಾಳೆಯ ಲೆಕ್ಕ ಮುಗಿಯಬೇಕು. ಲೆಕ್ಕ ಮುಗಿಯಬೇಕಾದರೆ ತೃಪ್ತಿಯು ಎಂ.ಎಸ್ಸಿ. ಓದಬೇಕು. ಓದಬೇಕಾದರೆ ತಾವು ಸಾಲ ಕೊಡಬೇಕು. ಹೀಗಾಗಿ ಸಾಲ ಕೊಡಬಾರದೆಂದು ತಿಳಿದುಕೊಳ್ಳಲು ಕೂಡ ಬ್ಯಾಂಕಿಗೆ ಸಾಲ ಕೊಡುವುದೊಂದೇ ದಾರಿ ಉಳಿದಿದೆ. ಅಲ್ಲದೆ, ತಮ್ಮ ಶಾಖೆಯು ಈ ವರ್ಷ ಅರ್ಜಿ ಹಾಕಿದವರ ಪೈಕಿ ಯಾರ ಸಂಖ್ಯೆಯನ್ನು ಇಷ್ಟು ಗಾಢವಾಗಿ ನಂಬಿದೆ? ಹಣ ಕೊಡದಿರುವಷ್ಟು ನಂಬಿದವರಿಗೆ ಹಣ ಕೊಡುವಷ್ಟು ನಂಬುವುದು ಕಷ್ಟವಾಗಲಾರದು.

ಸದರಿ ತೃಪ್ತಿಯು ಹೊಸ ಅರ್ಜಿಗೆ ಸಹಿ ಹಾಕಿದ್ದಾಳೆ. ಕಾಲಂ ಹದಿನೇಳರಲ್ಲಿ ಈ ಸಲವಾದರೂ ಅರುವತ್ತು ಸಾವಿರ ಬರೆಯುವಂತೆ ರಾಯರು ನೀಡಿದ ಸಲಹೆಯನ್ನು ತಂದೆ, ಮಗಳು ಇಬ್ಬರೂ ತಿರಸ್ಕರಿಸಿದ್ದಾರೆ. ಅಲ್ಲಿ 27,400 ಎಂದೇ ಇದೆ.

ಸಹಾನುಭೂತಿ ಬೇಡ, ಇನ್ನೊಮ್ಮೆ ಓದಿದರೆ ಸಾಕು ಎಂದು ಕೋರುವ,

ತಮ್ಮ ವಿಶ್ವಾಸಿ, ತಮ್ಮ ವಿಶ್ವಾಸಕ್ಕೂ ಕಾದಿರುವ,
(ಸಹಿ) ಪೂವಪ್ಪ

ಅಡಕಗಳು:
1. ತಮ್ಮ ತಿರಸ್ಕಾರ ಪತ್ರದ ಪ್ರತಿ.
2. ನಾಲ್ಕು ಪುಟದ ಮೂಲ ಲೆಕ್ಕ, ಜೆರಾಕ್ಸ್. ಮೂರನೆಯ ಪುಟದ ಮೇಲಿರುವ ಕಲೆ ಪ್ರಯಾಣಿಕರೊಬ್ಬರ ಬುಟ್ಟಿಯದ್ದು, ಬಂಗುಡೆ ಮೀನಿನದ್ದು.
3. ಸಂಸ್ಥೆಯ ಸೀಟು ಪತ್ರ.
4. ಜಾಮೀನುದಾರರ ಒಪ್ಪಿಗೆ, ಪಿಂಚಣಿ ಪುಸ್ತಕದ ಪ್ರತಿಯೊಂದಿಗೆ. (ಜಾಮೀನುದಾರರು ಮುಕುಂದ ರಾಯರು. ಅರ್ಜಿಯ ಅಕ್ಷರವೂ ಜಾಮೀನಿನ ಅಕ್ಷರವೂ ಒಂದೇ ಆಗಿರುವುದನ್ನು ಅನುಮಾನಿಸಬಾರದು.)
5. ತೃಪ್ತಿಯು ನಿನ್ನೆ ಬರೆದ ಮೂರು ಹಾಳೆ, ಮೂಲಪ್ರತಿ.

ವಿಶೇಷ ಕೋರಿಕೆ: ಅಡಕ 5ನ್ನು ದಯವಿಟ್ಟು ಶ್ರೀಲಕ್ಷ್ಮಿ ಮೇಡಂ ಅವರ ಟೇಬಲಿಗೆ ಕಳುಹಿಸಬೇಕು. ಮೂರನೆಯ ಹಾಳೆಯ ಕೊನೆಯಲ್ಲಿ ಲೆಕ್ಕ ನಿಂತುಹೋಗಿದೆ. ಮುಂದಿನ ಸಾಲು ಮೇಡಂ ಅವರಿಗೆ ಹೊಳೆದರೆ ಬರೆಯಬಹುದು ಎಂದು ತೃಪ್ತಿ ಕೆಳಗೆ ಜಾಗ ಬಿಟ್ಟಿದ್ದಾಳೆ. ಪೆನ್ಸಿಲಿನಲ್ಲಿ ಬರೆಯಬೇಕು, ಶಾಯಿಯಾದರೆ ಆಚೆ ಬದಿಗೆ ಇಳಿಯುತ್ತದೆ. ಆಚೆ ಬದಿಯಲ್ಲಿ ಜುಲೈ 9, 10, 11ರ ಕಲೆಕ್ಷನ್ ಉಂಟು. ಸಾಲದ ತೀರ್ಮಾನಕ್ಕೆ 31ರ ತನಕ ಸಮಯ ಇದೆ. ಹಾಳೆಗಳು ಮಾತ್ರ ಸೋಮವಾರದೊಳಗೆ ವಾಪಸು ಬೇಕು, ಮಾಲಕರು ಕೇಳುತ್ತಾರೆ.